ಮುಟ್ಟದೆ ಹಿಡಿಯುವ ನಾಡಿಗೂ ಒಪ್ಪಿಗೆ ಬೇಕು

ಹೃದಯ ಬಡಿದಾಗಲೆಲ್ಲ ಕತ್ತಿನ, ಎದೆಯ ಚರ್ಮ ಬಹುಮಟ್ಟಿಗೆ ಕಣ್ಣಿಗೆ ಕಾಣದಂತೆ ಅದುರುತ್ತದೆ. ಅಲ್ಲಿಗೆ ಬಿಟ್ಟ ಲೇಸರ್ ಬೆಳಕು ಮರಳುವಾಗ ಅದರ ಆವರ್ತನ ತುಸುವೇ ಬದಲಾಗಿರುತ್ತದೆ. ನಾಡಿ ಎಣಿಸಲು ಅಷ್ಟು ಸಾಕು. ಸುಟ್ಟಗಾಯದ ರೋಗಿಗೆ, ಅಂಟುಪಟ್ಟಿ ತೆಗೆದರೆ ಚರ್ಮವೇ ಕಿತ್ತುಬರುವ ಅವಧಿಪೂರ್ವ ಶಿಶುವಿಗೆ ಇದು ದೊಡ್ಡ ನೆಮ್ಮದಿ. ಬೆರಳಿನ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಹೆಚ್ಚು ಬಾರಿ ಗುರುತಿಸದೆ ಬಿಡುತ್ತದೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಲೇಸರ್ ಓದುವುದು ಚಲನೆಯನ್ನು, ಬಣ್ಣವನ್ನಲ್ಲ. ಆದರೂ ರೋಗಿ ಅಲುಗಾಡಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಂಥ ಕಡೆ ಬಳಸುವ ಮೊದಲು ನಮ್ಮ ವಾರ್ಡುಗಳಲ್ಲೇ ಇದರ ಪರೀಕ್ಷೆಯಾಗಬೇಕು.

ನಮ್ಮನ್ನು ನಿಜಕ್ಕೂ ಕಾಡುವುದು ದೂರದ ಪ್ರಶ್ನೆ. ಅಮೆರಿಕದ ರಕ್ಷಣಾ ಇಲಾಖೆಗಾಗಿ ತಯಾರಾದ 'ಜೆಟ್ಸನ್' ಎಂಬ ಉಪಕರಣ ಅಂಗಿಯ ಮೇಲಿನಿಂದಲೇ, 200 ಮೀಟರ್ ಆಚೆಯಿಂದ ಬಡಿತದ ವಿನ್ಯಾಸ ಹಿಡಿದು ವ್ಯಕ್ತಿಯನ್ನು ಗುರುತಿಸಬಲ್ಲದೆಂದು 2019ರಲ್ಲಿ ವರದಿಯಾಯಿತು. ಕೈಯಿಟ್ಟು ನಾಡಿ ನೋಡುವವರಿಗೆ ನಾವು ಕೈ ಚಾಚಬೇಕಿತ್ತು. ಇಲ್ಲಿ ಅದೂ ಬೇಡ. ಬೀದಿಬೀದಿಯಲ್ಲಿ ಕ್ಯಾಮೆರಾ ಇರುವಾಗ ಇದೇನು ಹೊಸದು ಎನ್ನುವವರಿದ್ದಾರೆ. ಮುಖವನ್ನು ನಾವು ತೋರಿಸಿಕೊಂಡೇ ಓಡಾಡುತ್ತೇವೆ; ಭಯವನ್ನೂ ಬೇನೆಯನ್ನೂ ಬಯಲು ಮಾಡುವ ಬಡಿತವನ್ನು ಯಾರೂ ಹಾಗೆ ತೋರಿಸುವುದಿಲ್ಲ. ಅಪರಾಧ ತಡೆಗೆ ಬೇಕೆಂದರೆ ನ್ಯಾಯಾಲಯದ ಅನುಮತಿ ಪಡೆಯಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆಯೇ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ದಾರಿ ಬಿಟ್ಟಿದೆ. ದೇಹದಿಂದ ದೂರದಲ್ಲೇ ಸಂಗ್ರಹಿಸುವ ಇಂಥ ಮಾಹಿತಿಯನ್ನು ಆ ವಿನಾಯಿತಿಯಿಂದ ಸ್ಪಷ್ಟವಾಗಿ ಹೊರಗಿಡಬೇಕು.