ಫೇರ್‌ಬ್ಯಾಂಕ್ಸ್‌ಗೆ ಹೋದರೆ ನೆಲ ನೋಡಿ ಬನ್ನಿ

ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದವರ ಬೇಸಿಗೆ ಲಿಸ್ಟಲ್ಲಿ ಅಲಾಸ್ಕ ಇದ್ದೇ ಇರುತ್ತೆ. ಮಂಚ, ಒಲೆ, ಬಾತ್‌ರೂಮು ಎಲ್ಲ ಇರೋ ಆರ್‌ವಿ ಬಾಡಿಗೆಗೆ ಹಿಡಿದು ಹೋಗ್ತಾರೆ, ನಡುರಾತ್ರಿಯ ಬೆಳಕಲ್ಲಿ ಫೋಟೊ ತೆಗೆದು ವಾಪಸ್ ಬರ್ತಾರೆ. ಈ ಕಾಲೇಜಿಂದಲೇ ಹೋದ ನಾವು ನಾಲ್ವರೂ ಜೂನ್‌ನಲ್ಲಿ ಆಂಕರೇಜ್‌ನಿಂದ ಪಾರ್ಕ್ಸ್ ಹೆದ್ದಾರಿ ಹಿಡಿದು, ಉತ್ತರಕ್ಕೆ ಸುಮಾರು 580 ಕಿ.ಮೀ. ದೂರದ ಫೇರ್‌ಬ್ಯಾಂಕ್ಸ್‌ಗೆ ಹೋಗಿಬಂದೆವು. ನಮ್ಮ ಅಭಿಪ್ರಾಯ ಇಷ್ಟೇ: ಎಂಜಿನಿಯರಿಂಗ್ ಓದುವವರು ಆ ಊರಲ್ಲಿ ಆಕಾಶಕ್ಕಿಂತ ಮೊದಲು ನೆಲ ನೋಡಬೇಕು.

ಜೂನ್ 21ರ ಹೊತ್ತಿಗೆ ಅಲ್ಲಿ ಹಗಲು 22 ಗಂಟೆಯ ಹತ್ತಿರ, ನಿಜ. ಆದರೆ ಚಳಿಗಾಲದಲ್ಲಿ ಮೈನಸ್ 40ಕ್ಕೂ ಇಳಿಯುತ್ತೆ. ಸೆಲ್ಸಿಯಸ್ಸಾ ಫ್ಯಾರನ್‌ಹೀಟಾ ಅಂತ ಕೇಳಬೇಡಿ, ಅಲ್ಲಿಗೆ ಬಂದರೆ ಎರಡೂ ಒಂದೇ. ಎಂಜಿನ್ ಬೆಚ್ಚಗಿಡೋ ಕರೆಂಟ್ ಪ್ಲಗ್ಗು ಬೇಸಿಗೆಯಲ್ಲೂ ಕಾರುಗಳ ಮುಂದೆ ಜೋತಾಡ್ತಿರುತ್ತೆ. ಊರಿನ ಹಲವು ಕಡೆ ನೆಲದಡಿ ವರ್ಷಪೂರ್ತಿ ಹೆಪ್ಪುಗಟ್ಟಿಯೇ ಇರುವ ಮಣ್ಣು, ಅಂದ್ರೆ ಪರ್ಮಾಫ್ರಾಸ್ಟ್. ಅದರ ಮೇಲೆ ನೇರವಾಗಿ ಮನೆ ಕಟ್ಟಿ ಹೀಟರ್ ಹಾಕಿದರೆ, ಆ ಶಾಖಕ್ಕೆ ಮಣ್ಣಿನೊಳಗಿನ ಮಂಜು ಕರಗಿ ಮನೆಯೇ ವಾಲುತ್ತೆ.

ಇದಕ್ಕೆ ಉತ್ತರ ಊರಾಚೆ ಫಾಕ್ಸ್ ಎಂಬಲ್ಲಿ ರಸ್ತೆ ಬದಿಯಲ್ಲೇ ಸಿಗುತ್ತೆ. 1977ರಲ್ಲಿ ಶುರುವಾದ ಅಲಾಸ್ಕ ತೈಲ ಕೊಳವೆ ಸುಮಾರು 1,287 ಕಿ.ಮೀ. ಉದ್ದ. ಅರ್ಧಕ್ಕಿಂತ ಹೆಚ್ಚು ಭಾಗ ಕಂಬಗಳ ಮೇಲೆ ಹೋಗುತ್ತೆ, ಬಿಸಿ ಎಣ್ಣೆ ನೆಲ ಕರಗಿಸಬಾರದು ಅಂತ. ಎಷ್ಟೋ ಕಂಬಗಳ ಒಳಗೆ ಅಮೋನಿಯ ತುಂಬಿದ ನಳಿಕೆ ಇದೆ. ಚಳಿಗಾಲದಲ್ಲಿ ಅಮೋನಿಯ ಮಣ್ಣಿನ ಶಾಖ ಹೀರಿ ಆವಿಯಾಗಿ ಮೇಲೇರುತ್ತೆ, ತುದಿಯಲ್ಲಿ ತಣಿದು ದ್ರವವಾಗಿ ಕೆಳಗಿಳಿಯುತ್ತೆ. ಮೋಟಾರಿಲ್ಲ, ಕರೆಂಟಿಲ್ಲ. ಕೊಳವೆಯನ್ನ ಅಂಕುಡೊಂಕಾಗಿ, ಜಾರುವ ಹಾಗೆ ಕೂರಿಸಿದ್ದಾರೆ. 2002ರ 7.9 ತೀವ್ರತೆಯ ಡೆನಾಲಿ ಭೂಕಂಪದಲ್ಲಿ ಅದು ಜರುಗಿತು, ಎಣ್ಣೆ ಮಾತ್ರ ಚೆಲ್ಲಲಿಲ್ಲ.

'ಪರಿಸರದ ಮಾತಾಡ್ತೀರಿ, ಹೋಗಿದ್ದು ಆರ್‌ವಿಲಿ ಅಲ್ವಾ?' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಲೀಟರಿಗೆ 4 ಕಿ.ಮೀ. ಲೆಕ್ಕದಲ್ಲಿ ಹೋಗಿಬರೋಕೆ ಹತ್ತಿರಹತ್ತಿರ 300 ಲೀಟರ್ ಪೆಟ್ರೋಲು. ಅಲಾಸ್ಕ ಜಗತ್ತಿನ ಸರಾಸರಿಗಿಂತ ಬೇಗ ಬಿಸಿಯಾಗ್ತಿದೆ, ಪರ್ಮಾಫ್ರಾಸ್ಟ್ ಕರಗ್ತಿದೆ. ನಾವು ನೋಡೋಕೆ ಹೋದ ನೆಲವನ್ನ ಕರಗಿಸೋದರಲ್ಲಿ ನಮ್ಮ ಗಾಡಿಯ ಹೊಗೆಯದೂ ಒಂದು ಪಾಲು. ಅದಕ್ಕೆ ಹೋಗಲೇಬೇಡಿ ಅನ್ನಲ್ಲ. ಒಬ್ಬಿಬ್ಬರೇ ಹೋಗಬೇಡಿ, ಸೀಟು ತುಂಬಿಸಿ. ವಾರದಲ್ಲಿ ಇಡೀ ರಾಜ್ಯ ಸುತ್ತೋ ಬದಲು ಒಂದೇ ಊರಲ್ಲಿ ಗಾಡಿ ನಿಲ್ಲಿಸಿ ನಾಲ್ಕು ದಿನ ನಡೆದಾಡಿ. ಸುಟ್ಟ ಪೆಟ್ರೋಲಿಗೆ ಒಂದು ಫೋಟೊ ಸಾಲದು, ಏನಾದ್ರೂ ಕಲಿತು ಬರಬೇಕು.

ವೀಸಾ, ದುಡ್ಡು ಇಲ್ಲದವರಿಗೂ ಈ ಪಾಠ ದೂರವಿಲ್ಲ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತೆ, ಮೇಲಿನ ಗೋಡೆಯನ್ನೂ ಸೀಳುತ್ತೆ. ಅದನ್ನ ಇಂಟರ್ನಲ್ಸ್‌ಗೆ ಐದು ಮಾರ್ಕಿನ ಪ್ರಶ್ನೆ ಅಂತ ಓದಿ ಬಿಡ್ತೀವಿ. ಮುಂದಿನ ರಜೆಗೆ ಗದಗ, ಬಾಗಲಕೋಟೆ ಕಡೆಯ ಗೆಳೆಯನ ಮನೆಗೆ ಹೋದರೆ, ಊಟ ಆದ್ಮೇಲೆ ಗೋಡೆಯ ಬಿರುಕು ತೋರಿಸು ಅಂತ ಕೇಳಿ. ಡ್ರಾಯಿಂಗ್ ಶೀಟ್ ತೆರೆಯೋ ಮೊದಲು ನೆಲವನ್ನ ಕೇಳೋ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.