ಮೈಕಿನ ಕೂಗಿಗೆ ಕಡಿವಾಣ

ಮುನಿರಾಬಾದಿನ ನೆರೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಜಾತ್ರೆ ಕಂಡವರಿಗೆ ಮೈಕಿನ ಕರ್ಕಶವಾದ ಕೂಗು ಹೊಸದಲ್ಲ. ಧ್ವನಿವರ್ಧಕದಿಂದ ಹೊರಟ ನಾದವೇ ಮರಳಿ ಮೈಕನ್ನು ಹೊಕ್ಕು, ಸುತ್ತುಸುತ್ತಿಗೂ ಬಲಿಯುವುದರ ಫಲವದು. ಗಿಟಾರಿನ ಇಂಥದೇ ಕೂಗನ್ನು ಬೀಟಲ್ಸ್ ತಂಡವು 1964ರಲ್ಲಿ ‘ಐ ಫೀಲ್ ಫೈನ್’ ಗೀತೆಯ ಆರಂಭದಲ್ಲಿ ಬೇಕೆಂದೇ ಬಳಸಿತು.

ಇಂದು ಗಣಕಯಂತ್ರದಲ್ಲಿ ಮೈಕಿಲ್ಲದೆಯೂ ಅದನ್ನು ಹುಟ್ಟಿಸಬಹುದು. ಸಿಂಥಸೈಜರಿನ ಸ್ವರವನ್ನು 5 ಮಿಲಿಸೆಕೆಂಡು ತಡೆದು, ಮತ್ತೆ ಅದೇ ಸುತ್ತಿಗೆ ಹರಿಸಿದರೆ ಸೆಕೆಂಡಿಗೆ 200 ಕಂಪನಗಳ ನಾದ ಮೊಳಗುತ್ತದೆ. ಪ್ರತಿ ಸುತ್ತಿನಲ್ಲಿ ಬಲ ಕುಗ್ಗಿದರೆ ಕೂಗು ಕ್ಷೀಣಿಸುತ್ತದೆ, ಹಿಗ್ಗಿದರೆ ಉಕ್ಕೇರುತ್ತದೆ. ಅಣೆಕಟ್ಟೆಯ ತೂಬನ್ನು ಬಲ್ಲ ಊರಿನವರಿಗೆ ಇದನ್ನು ವಿವರಿಸಬೇಕೆ? ಸುತ್ತಿನೊಳಗೆ ಲಿಮಿಟರು ಇರಲೇಬೇಕು. ಇಲ್ಲವಾದರೆ ಹೆಡ್‌ಫೋನು ತೊಟ್ಟವರ ಕಿವಿಗೇ ಅಪಾಯ. ಜೊತೆಗಿರುವ ಫಿಲ್ಟರನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿದಂತೆ ಕೂಗು 200ರಿಂದ 400ಕ್ಕೆ, 600ಕ್ಕೆ ನೆಗೆಯುತ್ತದೆ. ಆ ನೆಗೆತವಿಲ್ಲದ ಬರಿಯ ಕೀರಲು ಸಪ್ಪೆಯೇ ಸರಿ.