ಸಹಾಯಕ ನಾಯಿಮರಿಗಳನ್ನು ಸಾಕಿಕೊಡುವ ಮನೆಗಳ ಪರವಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಸದಸ್ಯ ಸಚಿವರು,
ಡಿಸಬಿಲಿಟಿ ರಿಫಾರ್ಮ್ ಮಿನಿಸ್ಟೀರಿಯಲ್ ಕೌನ್ಸಿಲ್,
ಆಸ್ಟ್ರೇಲಿಯ.

ಇವರಿಂದ,
ಸಹಾಯಕ ನಾಯಿಮರಿಗಳನ್ನು ಸಾಕಿಕೊಡುತ್ತಿರುವ ಹಾಗೂ ಮನೆಯ ಸದಸ್ಯರಿಗಾಗಿ ಅಂಥ ನಾಯಿಯ ದಾರಿ ಕಾಯುತ್ತಿರುವ ಕನ್ನಡ ಕುಟುಂಬಗಳು,
ಸಿಡ್ನಿ ಮತ್ತು ಮೆಲ್ಬರ್ನ್.

ವಿಷಯ: ತರಬೇತಿಯಲ್ಲಿರುವ ಸಹಾಯಕ ನಾಯಿಮರಿಗಳಿಗೂ ಅವುಗಳನ್ನು ಸಾಕುವ ಮನೆಗಳಿಗೂ ದೇಶವ್ಯಾಪಿ ಕಾನೂನು ಮಾನ್ಯತೆ, ಬಾಡಿಗೆ ಮನೆಗಳಲ್ಲಿ ರಕ್ಷಣೆ ಮತ್ತು ಭಾಷಾ ನೆರವು ಕೋರಿ.

ಮಾನ್ಯರೇ,

ವಿಶೇಷಚೇತನರ ವಿಷಯದಲ್ಲಿ ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳು ಒಟ್ಟಿಗೆ ಕೂತು ತೀರ್ಮಾನಿಸುವ ಜಾಗ ತಮ್ಮ ಕೌನ್ಸಿಲ್. ಸಹಾಯಕ ಪ್ರಾಣಿಗಳಿಗೆ ದೇಶಕ್ಕೆಲ್ಲ ಒಂದೇ ಬಗೆಯ ನಿಯಮ ಬೇಕೆಂಬ ಚರ್ಚೆಯೂ ತಮ್ಮ ಮುಂದಿದೆ. ಆ ಚರ್ಚೆಯಲ್ಲಿ ನಾಯಿಯ ಬಗ್ಗೆ, ಅದನ್ನು ಪಡೆಯುವವರ ಬಗ್ಗೆ, ತರಬೇತಿ ಸಂಸ್ಥೆಗಳ ಬಗ್ಗೆ ಬೇಕಾದಷ್ಟು ಮಾತು ಬಂದಿದೆ. ಮರಿಯನ್ನು ಮೊದಲ ವರ್ಷ ಮನೆಯಲ್ಲಿಟ್ಟುಕೊಂಡು ಬೆಳೆಸುವವರ ಬಗ್ಗೆ ಬಂದದ್ದು ಬಹಳ ಕಡಿಮೆ. ಆ ಕೊರತೆ ತುಂಬಿಸಿಕೊಡಿ ಎಂದು ಕೇಳಲು ಈ ಪತ್ರ. ನಮ್ಮಲ್ಲಿ ಮರಿಗಳ ಹಗಲಿನ ಆರೈಕೆ ನೋಡಿಕೊಳ್ಳುವವರು ಬಹುಪಾಲು ಮನೆಯ ಹಿರಿಯರು. ಅವರು ಓದಿ, ಒಪ್ಪಿ, ಸಹಿ ಹಾಕಬೇಕೆಂದೇ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇವೆ. ಇಂಗ್ಲಿಷ್ ಅನುವಾದ ಲಗತ್ತಿಸಿದೆ.

ಆಸ್ಟ್ರೇಲಿಯಕ್ಕೆ ಮೊದಲ ಮಾರ್ಗದರ್ಶಿ ನಾಯಿ ಬಂದದ್ದು 1950ರಲ್ಲಿ. ಡಾ. ಆರ್ನಲ್ಡ್ ಕುಕ್ ಅವರು ಇಂಗ್ಲೆಂಡಿನಲ್ಲಿ ತರಬೇತಾದ ಡ್ರೀನಾ ಎಂಬ ಲ್ಯಾಬ್ರಡಾರನ್ನು ಪರ್ತ್‌ಗೆ ಕರೆತಂದರು. ಇಂದು ಮೆಲ್ಬರ್ನಿನ ಕ್ಯೂನಲ್ಲಿ ಗೈಡ್ ಡಾಗ್ಸ್ ವಿಕ್ಟೋರಿಯ, ಪಶ್ಚಿಮ ಸಿಡ್ನಿಯ ಆರ್ಚರ್ಡ್ ಹಿಲ್ಸ್‌ನಲ್ಲಿ ಅಸಿಸ್ಟೆನ್ಸ್ ಡಾಗ್ಸ್ ಆಸ್ಟ್ರೇಲಿಯ, ಇವಲ್ಲದೆ ಇನ್ನೂ ಹಲವು ಸಂಸ್ಥೆಗಳು ಕೆಲಸ ಮಾಡುತ್ತಿವೆ. ದೃಷ್ಟಿ ಇಲ್ಲದವರಿಗೆ ದಾರಿ ತೋರಿಸುವುದಷ್ಟೇ ಈಗ ನಾಯಿಯ ಕೆಲಸವಲ್ಲ. ಕಿವಿ ಕೇಳದವರಿಗೆ ಬಾಗಿಲ ಗಂಟೆಯನ್ನೂ ಹೊಗೆಯ ಅಲಾರಾಮನ್ನೂ ಮುಟ್ಟಿ ತಿಳಿಸುತ್ತದೆ. ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ಕೀಲಿಕೈ ಎತ್ತಿಕೊಡುತ್ತದೆ, ಹಗ್ಗ ಎಳೆದು ಬಾಗಿಲು ತೆರೆಯುತ್ತದೆ. ಆಟಿಸಂ ಇರುವ ಮಗು ಗಾಬರಿಯಾದಾಗ ತೊಡೆಯ ಮೇಲೆ ಭಾರ ಬಿಟ್ಟು ಮಲಗಿ ಸಮಾಧಾನ ಮಾಡುತ್ತದೆ.

ನಮ್ಮಲ್ಲೊಂದು ಕುಟುಂಬ ವೆಂಟ್ವರ್ತ್‌ವಿಲ್ ಕಡೆಯದು. ಅವರ ಮಗನಿಗೆ ರೈಲು ಕಂಡರೆ ಓಡುವ ಸ್ವಭಾವ. ಕೈ ಬಿಡಿಸಿಕೊಂಡು ಪ್ಲಾಟ್‌ಫಾರ್ಮಿನ ಅಂಚಿಗೇ ಓಡುತ್ತಾನೆ. ಅಂಥ ಮಕ್ಕಳ ಸೊಂಟದ ಪಟ್ಟಿಯನ್ನು ನಾಯಿಯ ಜೀನಿಗೆ ಕಟ್ಟಿ, ನಾಯಿಯ ಹಗ್ಗವನ್ನು ತಾಯಿಯೋ ತಂದೆಯೋ ಹಿಡಿಯುವ ಪದ್ಧತಿ ಇದೆ. ಮಗು ಓಡಲು ಎಳೆದ ಕೂಡಲೇ ನಾಯಿ ನಾಲ್ಕು ಕಾಲನ್ನೂ ಊರಿ ನಿಂತುಬಿಡುತ್ತದೆ. ಆ ತಾಯಿ ಐದು ನಿಮಿಷ ನೆಮ್ಮದಿಯಾಗಿ ನಿಲ್ಲಬೇಕಾದರೆ ಅಂಥ ನಾಯಿಯೊಂದು ಬೇಕು. ಕಾಯುವ ಪಟ್ಟಿಯೋ ವರ್ಷಗಳ ಲೆಕ್ಕದ್ದು.

ಪಟ್ಟಿ ಇಷ್ಟು ಉದ್ದವಾಗಲು ಹಣದ ಕೊರತೆ ಒಂದು ಕಾರಣ. ಒಂದು ಮಾರ್ಗದರ್ಶಿ ನಾಯಿಯನ್ನು ಸಿದ್ಧಗೊಳಿಸಲು 50,000 ಡಾಲರಿಗೂ ಮಿಕ್ಕಿ ಖರ್ಚಾಗುತ್ತದೆ ಎಂದು ಸಂಸ್ಥೆಗಳೇ ಹೇಳುತ್ತವೆ. ಆದರೆ ಹಣವಿದ್ದರೂ ಕೊಳ್ಳಲಾಗದ್ದು ಇನ್ನೊಂದಿದೆ. ಅದು ಮನೆ. ಎಂಟು ವಾರದ ಮರಿ ತಾಯಿಯನ್ನು ಬಿಟ್ಟು ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸ್ವಯಂಸೇವಕರ ಮನೆಯಲ್ಲಿ ಬೆಳೆಯಬೇಕು. ಹೇಳಿದ ಜಾಗದಲ್ಲೇ ಮಲಮೂತ್ರ ಮಾಡುವುದು, ನೆಲಕ್ಕೆ ಬಿದ್ದ ತಿಂಡಿಗೆ ಬಾಯಿ ಹಾಕದಿರುವುದು, ಕುಕ್ಕರ್ ಕೂಗಿದರೆ ಬೆದರದಿರುವುದು, ಲಿಫ್ಟು, ಟ್ರ್ಯಾಮು, ಜನಜಂಗುಳಿ ಅಭ್ಯಾಸವಾಗುವುದು, ಮೇಜಿನ ಕೆಳಗೆ ಗಂಟೆಗಟ್ಟಲೆ ಸುಮ್ಮನೆ ಮಲಗಿರುವುದು, ಇವನ್ನೆಲ್ಲ ಅದು ಕಲಿಯುವುದು ಅಲ್ಲೇ. ಸಂಸ್ಥೆಯ ತರಬೇತಿ ಶಾಲೆ ಮುಂದಿನ ಕೆಲವು ತಿಂಗಳಲ್ಲಿ ವಿಶೇಷ ಕೆಲಸಗಳನ್ನು ಕಲಿಸುತ್ತದೆ. ಮೊದಲ ವರ್ಷ ಹಾಳಾದ ನಾಯಿಯನ್ನು ಯಾವ ಶಾಲೆಯೂ ಸರಿಮಾಡಲಾರದು.

ಸಾಕುವ ಮನೆ ಎಷ್ಟು ಮುಖ್ಯ ಎಂಬುದಕ್ಕೆ ಮೆಲ್ಬರ್ನಿನಲ್ಲೇ ನಡೆದ ಒಂದು ಘಟನೆ ಸಾಕ್ಷಿ. ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರ ಗಂಡನಿಗೆ ನಾಯಿಯ ಕೂದಲಿನ ಅಲರ್ಜಿ ಇತ್ತು. ಅವರಿಗಾಗಿ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಯ ವಾಲಿ ಕಾನ್ರನ್ 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳನ್ನು ಕೂಡಿಸಿದರು. ಒಂದು ಮರಿ ಆ ದಂಪತಿಗೆ ಹೊಂದಿಕೆಯಾಯಿತು. ಉಳಿದವನ್ನು ಸಾಕಿಕೊಡಲು ಜನ ಮುಂದೆ ಬರಲಿಲ್ಲ, ಮಿಶ್ರತಳಿ ಬೇಡವೆಂದರು. ಲ್ಯಾಬ್ರಡೂಡಲ್ ಎಂಬ ಹೆಸರಿಟ್ಟು ಸುದ್ದಿಮಾಧ್ಯಮಕ್ಕೆ ತಿಳಿಸಿದ ಮೇಲಷ್ಟೇ ಮನೆಗಳು ಸಿಕ್ಕವು. ತಳಿಯ ಜ್ಞಾನ, ತರಬೇತಿಯ ಅನುಭವ ಎಲ್ಲವೂ ಕೈಯಲ್ಲಿದ್ದರೂ ಸಾಕುವ ಮನೆ ಇಲ್ಲದೆ ಕೆಲಸ ನಿಂತಿತ್ತು.

ಇಂಥ ಮನೆಗಳು ನಮ್ಮ ಸಮುದಾಯದಲ್ಲಿವೆ ಎಂದು ತಿಳಿಸಲು ಹೆಮ್ಮೆಪಡುತ್ತೇವೆ. ಮರಿಯನ್ನು ದಿನವಿಡೀ ಒಂಟಿ ಬಿಡುವಂತಿಲ್ಲ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಇದೇ ದೊಡ್ಡ ಅಡ್ಡಿ. ನಮ್ಮ ಎಷ್ಟೋ ಮನೆಗಳಲ್ಲಿ ಊರಿನಿಂದ ಬಂದ ಅಜ್ಜ ಅಜ್ಜಿ ಇದ್ದಾರೆ. ಟಾರ್ನೀಟ್, ಪಾಯಿಂಟ್ ಕುಕ್, ಬ್ಲ್ಯಾಕ್‌ಟೌನ್ ಬೀದಿಗಳಲ್ಲಿ ಹಗಲೆಲ್ಲ ಮಾತಿಗೆ ಜನ ಸಿಗದೆ ಕೂತಿರುವ ಹಿರಿಯರಿಗೆ ಮರಿಯೊಂದು ಬಂದರೆ ಬೆಳಗ್ಗೆ ಸಂಜೆ ನಡಿಗೆ, ಪಾರ್ಕಿನಲ್ಲಿ ನಾಲ್ಕು ಜನರ ಪರಿಚಯ. ಇದನ್ನು ನಮ್ಮ ಮನೆಗಳಲ್ಲೇ ಕಂಡಿದ್ದೇವೆ.

ಹಿಂಜರಿಕೆ ಇಲ್ಲವೆಂದಲ್ಲ. ದೇವರ ಮನೆ ಇರುವಲ್ಲಿ ನಾಯಿ ಹೇಗೆ ಎಂದು ಕೇಳುವ ಹಿರಿಯರಿದ್ದಾರೆ. ಅವರಿಗೆ ಹೇಳಲು ನಮ್ಮ ನಾಡಿನದೇ ಮಾತಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುಭಾಗದ ಒಂದು ಶಿಲಾಶಾಸನ ದೊರೆತಿದೆ. ಅದರ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಅದು ಸತ್ತಾಗ ದೇವಾಲಯದ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಸೇವೆಯನ್ನು ದೇಗುಲದ ಎದುರೇ ಗೌರವಿಸಿದವರ ಮಕ್ಕಳು ನಾವು. ಹಿರಿಯರನ್ನು ಒಪ್ಪಿಸುವ ಹೊಣೆ ನಮ್ಮದು. ಅದನ್ನು ಸರ್ಕಾರದ ಮೇಲೆ ಹೊರಿಸುವುದಿಲ್ಲ. ದೇವಸ್ಥಾನ, ಸಮುದಾಯ ಭವನಗಳ ಆಡಳಿತ ಮಂಡಳಿಗಳೊಡನೆಯೂ ನಾವೇ ಮಾತಾಡುತ್ತೇವೆ. ಸರ್ಕಾರದಿಂದಲೇ ಆಗಬೇಕಾದ ಕೆಲಸಗಳನ್ನು ಮಾತ್ರ ಕೆಳಗೆ ಕೋರಿದ್ದೇವೆ.

1. ತರಬೇತಿಯಲ್ಲಿರುವ ಮರಿಗೆ ದೇಶಕ್ಕೆಲ್ಲ ಒಂದೇ ಮಾನ್ಯತೆ.

1992ರ ಡಿಸಬಿಲಿಟಿ ಡಿಸ್ಕ್ರಿಮಿನೇಷನ್ ಆ್ಯಕ್ಟ್‌ನ 9ನೇ ಕಲಂ ಮೂರು ಬಗೆಯಲ್ಲಿ ಸಹಾಯಕ ಪ್ರಾಣಿಯನ್ನು ಗುರುತಿಸುತ್ತದೆ: ರಾಜ್ಯದ ಕಾನೂನಿನಡಿ ಮಾನ್ಯತೆ ಪಡೆದದ್ದು, ನಿಯಮಗಳಲ್ಲಿ ಹೆಸರಿಸಿದ ತರಬೇತಿ ಸಂಸ್ಥೆ ಮಾನ್ಯ ಮಾಡಿದ್ದು, ಅಥವಾ ವೈಕಲ್ಯದ ತೊಂದರೆಯನ್ನು ತಗ್ಗಿಸಲು ಮತ್ತು ಸಾರ್ವಜನಿಕ ಸ್ಥಳಕ್ಕೆ ತಕ್ಕ ಶುಚಿತ್ವ, ನಡತೆ ಪಾಲಿಸಲು ತರಬೇತಾದದ್ದು. ಈ ಮೂರನೆಯ ದಾರಿಗೆ ಔಪಚಾರಿಕ ಪ್ರಮಾಣಪತ್ರ ಬೇಕಿಲ್ಲವೆಂಬುದನ್ನು ಫೆಡರಲ್ ಕೋರ್ಟಿನ ಪೂರ್ಣಪೀಠ 2015ರಲ್ಲಿ, ವಿಮಾನ ಪ್ರಯಾಣ ನಿರಾಕರಿಸಿದ ಪ್ರಕರಣವೊಂದರಲ್ಲಿ, ಸ್ಪಷ್ಟಪಡಿಸಿತು. ವ್ಯಕ್ತಿಯ ಹಕ್ಕಿನ ದೃಷ್ಟಿಯಿಂದ ಅದು ಒಳ್ಳೆಯ ತೀರ್ಪು; ಅದನ್ನು ದುರ್ಬಲಗೊಳಿಸುವ ಯಾವ ನಿಯಮವನ್ನೂ ನಾವು ಕೇಳುತ್ತಿಲ್ಲ. ಆದರೆ ಈ ವ್ಯಾಖ್ಯೆ ಹೇಳುವುದು ತರಬೇತಾದ ನಾಯಿಯ ಮಾತು. ಇನ್ನೂ ಕಲಿಯುತ್ತಿರುವ ಮರಿಯ ಸ್ಥಾನವನ್ನು ಅದು ಬಿಡಿಸಿ ಹೇಳುವುದಿಲ್ಲ. ಅಂಗಡಿಗೆ, ಹೋಟೆಲಿಗೆ, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗದ ಮರಿ ಮುಂದೆ ಅಲ್ಲಿ ನೆಮ್ಮದಿಯಾಗಿ ಮಲಗುವುದನ್ನು ಕಲಿಯುವುದು ಹೇಗೆ?

ಕ್ವೀನ್ಸ್‌ಲ್ಯಾಂಡಿನಲ್ಲಿ 2009ರಿಂದ ಸಹಾಯಕ ನಾಯಿಗಳಿಗೆ ಮಾನ್ಯತೆ ಕೊಡುವ ಪ್ರತ್ಯೇಕ ಕಾಯ್ದೆ ಇದೆ. ನ್ಯೂ ಸೌತ್ ವೇಲ್ಸ್‌ನಲ್ಲೂ ವಿಕ್ಟೋರಿಯದಲ್ಲೂ ಅಂಥ ಮಾನ್ಯತಾ ವ್ಯವಸ್ಥೆ ಇಲ್ಲ. ಸಾರಿಗೆಗೆ ಸಿಡ್ನಿಯಲ್ಲಿ ಒಂದು ಪರ್ಮಿಟ್, ಮೆಲ್ಬರ್ನಿನಲ್ಲಿ ಇನ್ನೊಂದು ಪಾಸ್. ಎರಡೂ ನಗರಗಳಲ್ಲಿ ನಂಟರಿರುವ ನಮ್ಮಂಥವರಿಗೆ ಗಡಿಯೂರು ಆಲ್ಬರಿ ದಾಟಿದ ಮೇಲೆ ಯಾವ ಕಾಗದ ತೋರಿಸಬೇಕೆಂಬ ಅಳುಕು. ಆದ್ದರಿಂದ ಸಂಸ್ಥೆಯಿಂದ ನೋಂದಾಯಿತವಾದ ಮರಿಗೂ ಅದನ್ನು ಸಾಕುವವರಿಗೂ ಎಲ್ಲ ರಾಜ್ಯಗಳಲ್ಲಿ ನಡೆಯುವ ಒಂದೇ ಗುರುತುಚೀಟಿ ಕೊಡಬೇಕು. ಚೀಟಿ ಮನೆಯ ಒಬ್ಬರ ಹೆಸರಿಗೆ ಮಾತ್ರ ಸೀಮಿತವಾಗದೆ, ಸಂಸ್ಥೆ ಒಪ್ಪಿದ ಮನೆಯ ಇತರರಿಗೂ ಅನ್ವಯಿಸಬೇಕು.

2. ಬಾಡಿಗೆ ಮನೆ ಮತ್ತು ಅಪಾರ್ಟ್‌ಮೆಂಟ್.

ಹೊಸದಾಗಿ ಬಂದ ಕುಟುಂಬಗಳು ಇರುವುದು ಬಾಡಿಗೆ ಮನೆಯಲ್ಲಿ. ವಿಕ್ಟೋರಿಯ 2020ರ ಮಾರ್ಚ್‌ನಿಂದಲೂ, ನ್ಯೂ ಸೌತ್ ವೇಲ್ಸ್ 2025ರ ಮೇ ತಿಂಗಳಿಂದಲೂ ಬಾಡಿಗೆದಾರರು ಪ್ರಾಣಿ ಸಾಕುವುದನ್ನು ಸುಲಭಗೊಳಿಸಿವೆ. ಇದಕ್ಕಾಗಿ ಎರಡೂ ಸರ್ಕಾರಗಳಿಗೆ ನಮ್ಮ ಕೃತಜ್ಞತೆ. ಅಪಾರ್ಟ್‌ಮೆಂಟ್‌ಗಳ ಸಗಟು ಸಾಕುಪ್ರಾಣಿ ನಿಷೇಧ ನಿಲ್ಲುವುದಿಲ್ಲವೆಂದು ನ್ಯೂ ಸೌತ್ ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿತು. ಅಪಾರ್ಟ್‌ಮೆಂಟ್‌ಗಳಿಗೆ ಅನ್ವಯಿಸುವ ಅಲ್ಲಿಯ ಸ್ಟ್ರಾಟಾ ಕಾಯ್ದೆ ಸಹಾಯಕ ಪ್ರಾಣಿಗೆ ಮೊದಲಿಂದಲೂ ರಕ್ಷಣೆ ಕೊಟ್ಟಿದೆ. ಸಾಕುಮರಿಯ ಕಷ್ಟ ಬೇರೆ ತರದ್ದು. ಮರಿ ನಮ್ಮದಲ್ಲ, ಸಂಸ್ಥೆಯದು. ವರ್ಷ ಕಳೆದರೆ ಅದು ಹೋಗುತ್ತದೆ, ಇನ್ನೊಂದು ಬರುತ್ತದೆ. ಪ್ರತಿ ಸಲವೂ ಹೊಸ ಅರ್ಜಿ, ಮತ್ತೆ ಮಾಲೀಕರ ಒಪ್ಪಿಗೆಗಾಗಿ ಕಾಯುವುದು. ಮರಿಗೆ ಮನೆ ಬೇಕಾದದ್ದು ಎಂಟನೆಯ ವಾರಕ್ಕೆ. ಕಾಗದ ಬರುವಷ್ಟರಲ್ಲಿ ಅದು ಬೇರೆಡೆಗೆ ಹೋಗಿರುತ್ತದೆ. ನೋಂದಾಯಿತ ಸಂಸ್ಥೆಯ ಮರಿಗಳಿಗೆ ಮನೆಯೊಂದಕ್ಕೆ ಒಮ್ಮೆ ಕೊಟ್ಟ ಒಪ್ಪಿಗೆ ಆ ಬಾಡಿಗೆ ಮುಗಿಯುವ ತನಕ ನಡೆಯಬೇಕು. ಹಾನಿಯಾದರೆ ಭರಿಸಲು ಸಂಸ್ಥೆಯ ವಿಮೆ ಇರಬೇಕೆಂದು ವಿಧಿಸಿದರೆ ಮಾಲೀಕರಿಗೂ ಅನ್ಯಾಯವಾಗದು.

3. ಭಾಷೆ ಮತ್ತು ಅಡುಗೆಮನೆ.

ನಾಯಿ ಇಂಗ್ಲಿಷಿನಲ್ಲಿ ಕಲಿತು ಬರುತ್ತದೆ. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕರೆಯುತ್ತಾರೆ. ಮಾತು ಕಡಿಮೆ ಇರುವ ಮಗು ಆಡುವ ನಾಲ್ಕು ಮಾತೂ ಕನ್ನಡದವೇ. ಒಂದೇ ಕೆಲಸಕ್ಕೆ ಎರಡು ಬಗೆಯ ಆಜ್ಞೆ ಬಿದ್ದರೆ ನಾಯಿ ಗೊಂದಲಕ್ಕೀಡಾಗುತ್ತದೆ. ಆದ್ದರಿಂದ ಕೊನೆಯ ಹಂತದ ತರಬೇತಿಯಲ್ಲಿ, ನಾಯಿ ಮತ್ತು ಕುಟುಂಬವನ್ನು ಹೊಂದಿಸುವಾಗ, ಮನೆಮಾತಿನ ಆಜ್ಞೆಗಳನ್ನೂ ಕೈಸನ್ನೆಗಳನ್ನೂ ಸೇರಿಸಲು ಅನುದಾನ ಕೊಡಬೇಕು. ಸಾಕುವ ಮನೆಗಳ ತರಗತಿಗಳಿಗೂ ಸರ್ಕಾರದ ಅನುವಾದ ಸೇವೆ ಉಚಿತವಾಗಿ ದೊರೆಯಬೇಕು.

ಮಾಹಿತಿಪತ್ರಗಳು ನಮ್ಮ ಅಡುಗೆಮನೆಯನ್ನೂ ಗಮನಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಸಾರು ಕಲಸಿದ ಅನ್ನದಲ್ಲಿ ಇವೆರಡೂ ಇರಬಹುದು. ಒಣದ್ರಾಕ್ಷಿ ಇನ್ನೂ ಅಪಾಯ, ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಸತ್ಯನಾರಾಯಣ ಪೂಜೆಯ, ಒಣದ್ರಾಕ್ಷಿ ಹಾಕಿದ ಸಪಾದಭಕ್ಷ್ಯವನ್ನು ಅಕ್ಕರೆಯಿಂದ ನಾಯಿಗೂ ಒಂದು ತುತ್ತು ಕೊಡುವ ಅಜ್ಜಿಗೆ ಇದನ್ನು ಅವರ ಭಾಷೆಯಲ್ಲಿ ಯಾರಾದರೂ ಮೊದಲೇ ಹೇಳಿರಬೇಕು. ಸಸ್ಯಾಹಾರಿ ಮನೆಗಳು ಮುಟ್ಟಬಹುದಾದ ಒಣ ಆಹಾರದ ಆಯ್ಕೆ, ದೀಪಾವಳಿ ಮತ್ತು ಹೊಸವರ್ಷದ ಪಟಾಕಿಯ ರಾತ್ರಿ ಮರಿಯನ್ನು ಎಲ್ಲಿಡಬೇಕೆಂಬ ಸಲಹೆ, ಇವೂ ಅದರಲ್ಲಿರಲಿ. ಬರೆದುಕೊಡಲು ನಮ್ಮಲ್ಲಿ ಪಶುವೈದ್ಯರಿದ್ದಾರೆ, ಶಿಕ್ಷಕರಿದ್ದಾರೆ, ಸಂಭಾವನೆ ಬೇಡ.

4. ಎನ್‌ಡಿಐಎಸ್ ಮತ್ತು ಅದರ ಹೊರಗಿರುವವರು.

ಎನ್‌ಡಿಐಎಸ್ (ವಿಶೇಷಚೇತನರ ರಾಷ್ಟ್ರೀಯ ವಿಮಾ ಯೋಜನೆ) ಅಡಿ ಸಹಾಯಕ ನಾಯಿಗೆ ನೆರವು ಸಿಗುತ್ತದೆ. ಆದರೆ ಬೇಕಾದ ವರದಿಗಳು, ಪರಿಶೀಲನೆ, ನಿರಾಕರಿಸಿದರೆ ಮೇಲ್ಮನವಿ, ಇದೆಲ್ಲ ಇಂಗ್ಲಿಷ್ ಬಲ್ಲವರಿಗೂ ದಣಿವಿನ ಹಾದಿ. ಯಾವ ಪುರಾವೆ ಸಾಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬುದನ್ನು ಮೊದಲೇ ಬರೆದು ಕೊಡಬೇಕು. ನಾಯಿಗೆ ವಯಸ್ಸಾಗಿ ನಿವೃತ್ತಿಯಾದಾಗ ಮುಂದಿನ ನಾಯಿಗೆ ಮತ್ತೆ ಮೊದಲಿನಿಂದ ಅರ್ಜಿ ಹಾಕಿಸಬಾರದು. ಎರಡು ನಾಯಿಗಳ ನಡುವೆ ತಿಂಗಳುಗಟ್ಟಲೆ ಖಾಲಿ ಬೀಳಬಾರದು.

ತಾತ್ಕಾಲಿಕ ವೀಸಾದಲ್ಲಿರುವ ಮಕ್ಕಳಿಗೆ ಎನ್‌ಡಿಐಎಸ್ ಬಾಗಿಲೇ ಇಲ್ಲ. ಅವರ ತಂದೆತಾಯಿ ಇಲ್ಲಿ ತೆರಿಗೆ ಕಟ್ಟುತ್ತಾರೆ, ಕೆಲವರು ಬೇರೆ ಮಕ್ಕಳಿಗಾಗಿ ಮರಿ ಸಾಕಿಕೊಡಲೂ ತಯಾರಿದ್ದಾರೆ. ತನ್ನ ಮಗುವಿಗೆ ಸಿಗದ ನಾಯಿಯನ್ನು ಇನ್ನೊಬ್ಬರ ಮಗುವಿಗಾಗಿ ಬೆಳೆಸುವ ತಾಯಿಯ ಔದಾರ್ಯಕ್ಕೆ ಕಾನೂನಿನಲ್ಲಿ ಒಂದು ಜಾಗ ಇರಬೇಕು. ಇಂಥ ಮಕ್ಕಳಿಗಾಗಿ ಎರಡೂ ರಾಜ್ಯಗಳು ತರಬೇತಿ ಸಂಸ್ಥೆಗಳಿಗೆ ಪ್ರತ್ಯೇಕ ಅನುದಾನ ಮೀಸಲಿಡಬೇಕೆಂಬುದು ಈ ಪತ್ರದಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರದ ಬೇಡಿಕೆ.

5. ಟ್ಯಾಕ್ಸಿ.

ನಾಯಿಯನ್ನು ಕಂಡು ಟ್ಯಾಕ್ಸಿ, ಆ್ಯಪ್ ಕಾರುಗಳು ನಿಲ್ಲಿಸದೆ ಹೋಗುವುದು ಇನ್ನೂ ನಡೆಯುತ್ತಿದೆ. ದಂಡ ಇದೆ. ಚಾಲಕರಲ್ಲಿ ನಮ್ಮ ಉಪಖಂಡದವರು ಅನೇಕರಿರುವುದರಿಂದ ಅವರವರ ಭಾಷೆಯಲ್ಲಿ ತಿಳಿವಳಿಕೆ ನೀಡಿದರೆ ದಂಡಕ್ಕಿಂತ ಬೇಗ ಫಲ ಸಿಗುತ್ತದೆ. ಕನ್ನಡ ಚಾಲಕರೊಡನೆ ಮಾತಾಡಲು ನಾವು ಬರುತ್ತೇವೆ.

ಈ ಬೇಡಿಕೆಗಳ ಬಗ್ಗೆ ಕೌನ್ಸಿಲ್‌ನ ಅಧಿಕಾರಿಗಳೊಂದಿಗೆ ಸಿಡ್ನಿಯಲ್ಲೊಂದು, ಮೆಲ್ಬರ್ನಿನಲ್ಲೊಂದು ಸಭೆ ಏರ್ಪಡಿಸಿಕೊಡಬೇಕೆಂದು ಕೋರುತ್ತೇವೆ. ಮರಿ ಸಾಕುತ್ತಿರುವ ಹಿರಿಯರು ಮಾತಾಡಲು ಕನ್ನಡ ಅನುವಾದಕರನ್ನು ಒದಗಿಸಬೇಕು. ಸಭೆ ನಡೆಯುವ ಕಟ್ಟಡಕ್ಕೆ ತರಬೇತಿಯಲ್ಲಿರುವ ಮರಿಗಳನ್ನು ಕರೆತರಲು ಮುಂಚಿತವಾಗಿ ಲಿಖಿತ ಅನುಮತಿ ಕಳುಹಿಸಬೇಕು.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಕುಟುಂಬಗಳು

ಲಗತ್ತು: ಇಂಗ್ಲಿಷ್ ಅನುವಾದ, ಸಹಿಗಳ ಹಾಳೆ.
ಪ್ರತಿ: ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯ ರಾಜ್ಯಗಳ ವಸತಿ ಹಾಗೂ ಸಾರಿಗೆ ಸಚಿವರಿಗೆ, ಸೂಕ್ತ ಕ್ರಮಕ್ಕಾಗಿ.